ಎಡಗೈಯನ್ನು ಅದರ ಪಾಡಿಗೆ ಬಿಡಿ

ಪತ್ರ: ಎರಡನೇ ತರಗತಿಯಲ್ಲಿರುವ ನನ್ನ ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬಲಗೈ ರೂಢಿ ಮಾಡಿಸಿ ಎಂದು ಶಾಲೆಯಲ್ಲಿ ಹೇಳುತ್ತಾರೆ. ನನ್ನ ತಾಯಿಯವರದೂ ಅದೇ ಹಟ. ಎಡಚರಿಗೆ ಬಲ ಮಿದುಳು ಚುರುಕು, ಅವರು ಹುಟ್ಟಾ ಕಲಾವಿದರು ಎಂದು ಎಲ್ಲೋ ಓದಿದ್ದೇನೆ. ಈಗಲೇ ಕೈ ತಿದ್ದಿಸಲೇ, ಚಿತ್ರಕಲೆ ತರಗತಿಗೆ ಸೇರಿಸಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕೈ ತಿದ್ದಿಸಬೇಡಿ. ತಪ್ಪಿದ್ದರಲ್ಲವೇ ತಿದ್ದುವುದು? ನೂರು ಜನರಲ್ಲಿ ಹತ್ತಿರ ಹತ್ತಿರ ಹತ್ತು ಮಂದಿ ಎಡಗೈಯವರು. ನಿಮ್ಮ ಮಗಳ ತರಗತಿಯಲ್ಲೇ ಇನ್ನೂ ಇಬ್ಬರು ಮೂವರು ಇರಬಹುದು, ಬೈಗುಳಕ್ಕೆ ಹೆದರಿ ಬಲಗೈಯಲ್ಲಿ ಪೆನ್ಸಿಲ್ ಹಿಡಿದಿರಬಹುದು.

ನಿಮ್ಮ ತಾಯಿಯವರ ಅಳುಕು ನನಗೆ ಅರ್ಥವಾಗುತ್ತದೆ. ತೀರ್ಥಕ್ಕೆ ಬಲಗೈ, ಕೊಡುವುದಕ್ಕೂ ಕೊಳ್ಳುವುದಕ್ಕೂ ಬಲಗೈ. ಪಂಕ್ತಿಯಲ್ಲಿ ಎಡಗೈ ಎಲೆಗೆ ತಾಕಿದರೆ ಹತ್ತು ಕಣ್ಣು ಅತ್ತ ತಿರುಗುತ್ತವೆ. ಮೊಮ್ಮಗಳು ನಾಲ್ಕು ಜನರೆದುರು ಮಾತು ಕೇಳಬಾರದೆಂಬ ಕಾಳಜಿ ಅವರದು. ಆದರೆ ಪೆನ್ಸಿಲ್ಲಿಗೆ ಯಾವ ಮಡಿಯೂ ಇಲ್ಲ. ಅರ್ಜುನ ಎರಡೂ ಕೈಯಲ್ಲಿ ಗಾಂಡೀವವನ್ನು ಸೆಳೆಯಬಲ್ಲವನೆಂದು ಅವನನ್ನು ಸವ್ಯಸಾಚಿ ಎಂದು ಹಾಡಿ ಹೊಗಳುವವರು ನಾವು. ಅದೇ ನಮ್ಮ ಮನೆಯ ಕೂಸು ಎಡಗೈಯಲ್ಲಿ ಬಳಪ ಹಿಡಿದರೆ ಗೆಣ್ಣಿಗೆ ಪೆಟ್ಟು ಕೊಡುತ್ತೇವೆ. ಗಾಂಧೀಜಿ 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆದರು. ಬಲಗೈ ಸೋತಾಗ ಎಡಗೈಗೆ ಲೇಖನಿ ಬದಲಿಸಿ ಹಲವು ಪುಟ ಮುಂದುವರಿಸಿದರು. ಅಂಥ ಬರಹಕ್ಕೆ ಸಂದ ಕೈ ಒಂದು ಮಗುವಿನ ಕಾಪಿ ಪುಸ್ತಕಕ್ಕೆ ಸಲ್ಲದೇ?

ಇನ್ನು ಬಲ ಮಿದುಳಿನ ಮಾತು. ಅದನ್ನು ಅಷ್ಟು ಸಲೀಸಾಗಿ ನಂಬಬೇಡಿ. ಮಿದುಳಿನ ಎರಡು ಅರ್ಧಗಳ ಕೆಲಸದ ಬಗ್ಗೆ ಸಂಶೋಧನೆ ಮಾಡಿದ ರೋಜರ್ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂತು. ಎಡ ಮಿದುಳು ಲೆಕ್ಕಿಗ, ಬಲ ಮಿದುಳು ಕವಿ ಎಂಬ ಕಥೆ ಆ ಸಂಶೋಧನೆಯ ಬೆನ್ನಲ್ಲೇ ಊರೆಲ್ಲ ಹಬ್ಬಿತು. ಎಡಗೈಯವರಲ್ಲೂ ನೂರಕ್ಕೆ ಎಪ್ಪತ್ತರಷ್ಟು ಮಂದಿಗೆ ಭಾಷೆಯ ನೆಲೆ ಇರುವುದು ಎಡ ಮಿದುಳಿನಲ್ಲೇ. ಎಡಚರೆಲ್ಲ ಹುಟ್ಟಾ ಕಲಾವಿದರೆಂದು ವಿಜ್ಞಾನ ಹೇಳುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ಎಡಗೈಯ ಮಗು ಬೆಳಗಿನಿಂದ ಸಂಜೆಯವರೆಗೆ ಬೇರೆಯವರಿಗಾಗಿ ಮಾಡಿಟ್ಟ ಲೋಕದಲ್ಲಿ ಬದುಕುತ್ತದೆ. ಕತ್ತರಿಯ ಅಲಗುಗಳು ಬಲಗೈಗೆ ಹೊಂದುವಂತೆ ಕೂಡಿರುತ್ತವೆ. ಎಡಗೈಯಲ್ಲಿ ಹಿಡಿದರೆ ಕತ್ತರಿಸುವ ಗೆರೆಯೇ ಕಾಣುವುದಿಲ್ಲ, ಕಾಗದ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಸಾಗುವ ನಮ್ಮ ಬರವಣಿಗೆಯಲ್ಲಿ ಆಗತಾನೇ ಬರೆದ ಅಕ್ಷರದ ಮೇಲೆ ಅಂಗೈ ಉಜ್ಜಿ ಶಾಯಿ ಕಲೆಸುತ್ತದೆ. ಟೀಚರು ತೋರಿಸಿದ್ದನ್ನು ಮನಸ್ಸಿನಲ್ಲಿ ಮಗುಚಿಕೊಂಡೇ ಆ ಮಗು ಕಲಿಯಬೇಕು. ‘ಹೀಗಲ್ಲದಿದ್ದರೆ ಇನ್ನು ಹೇಗೆ?’ ಎಂದು ದಿನವೂ ಕೇಳಿಕೊಳ್ಳುವ ಮಗುವಿಗೆ ಆ ಕೇಳುವ ಅಭ್ಯಾಸವೇ ಆಸ್ತಿ. ಸೃಜನಶೀಲತೆ ಎಂದು ನಾನು ಕರೆಯುವುದು ಅದನ್ನೇ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ನಮ್ಮ ಮುದ್ರಣಾಲಯದಲ್ಲಿ ಎಡಗೈಯ ಹಿರಿಯರೊಬ್ಬರಿದ್ದರು. ಅವರು ಮೊಳೆಪೆಟ್ಟಿಗೆಯ ಅಕ್ಷರದ ಮನೆಗಳನ್ನೆಲ್ಲ ತಮ್ಮ ಕೈಗೆ ಎಟುಕುವಂತೆ ಅದಲು ಬದಲು ಮಾಡಿಕೊಂಡಿದ್ದರು. ಅವರ ಪೆಟ್ಟಿಗೆಯ ಮುಂದೆ ಬೇರೆ ಯಾರು ನಿಂತರೂ ತಬ್ಬಿಬ್ಬು. ತಲೆಕೆಳಗಾದ ಕನ್ನಡಿ ಅಕ್ಷರಗಳಲ್ಲಿ ತಪ್ಪು ಹೆಕ್ಕುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರನ್ನು ನಾನು ಕಾಣೆ.

ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಮೃದಂಗ ಕೇಳಿದ್ದೀರಾ? ಅವರು ಎಡಗೈಯವರು. ಕಛೇರಿಯಲ್ಲಿ ಗಾಯಕರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು ಕೂರುವುದು ವಾಡಿಕೆ. ಮೃದಂಗದ ಬಲತಲೆ, ಅಂದರೆ ಸಾಮಾನ್ಯವಾಗಿ ಬಲಗೈ ನುಡಿಸುವ ಮುಖ, ಸಭೆಯ ಕಡೆ ಇರಬೇಕಲ್ಲ! ಆ ಮುಖವನ್ನು ಎಡಗೈಯಲ್ಲಿ ನುಡಿಸುವ ಪಿಳ್ಳೆಯವರು ಬಂದರೆ ಪಿಟೀಲಿನವರು ಜಾಗ ಬದಲಿಸಬೇಕು. ಅದಕ್ಕೆ ಎಲ್ಲರೂ ಒಪ್ಪುತ್ತಿರಲಿಲ್ಲ. ಗಾಯಕ ಚೆಂಬೈ ವೈದ್ಯನಾಥ ಭಾಗವತರು ಪಿಳ್ಳೆಯವರ ಬೆನ್ನಿಗೆ ನಿಂತರು. ಕೂರುವ ಜಾಗದ ಹಟವೇ ಗೆದ್ದಿದ್ದರೆ ಆ ನಾದ ನಮಗೆಲ್ಲಿ ಸಿಗುತ್ತಿತ್ತು?

1981–82ರ ರಣಜಿ ಸೆಮಿಫೈನಲ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಮ್ಮ ರಘುರಾಂ ಭಟ್ಟರ ಎಡಗೈ ಸ್ಪಿನ್‌ಗೆ ಬಾಂಬೆಯ ಬ್ಯಾಟ್ಸ್‌ಮನ್ನರು ತತ್ತರಿಸಿದ್ದರು. ಆಗ ಸುನಿಲ್ ಗಾವಸ್ಕರ್ ಭಟ್ಟರ ಎಸೆತಗಳಿಗೆ ಎಡಗೈ ಆಟಗಾರನಾಗಿ ನಿಂತರು, ಉಳಿದವರಿಗೆ ಎಂದಿನಂತೆ ಬಲಗೈ. ಔಟಾಗದೆ ಉಳಿದರು. ಅಂಥ ಬಲಗೈ ದಿಗ್ಗಜನೂ ಪಿಚ್ಚು ಕೈಕೊಟ್ಟಾಗ ಎಡಗೈ ಆಟವನ್ನೇ ನೆಚ್ಚಿದರು.

ನನ್ನ ಸಿಟ್ಟು ಇರುವುದು ಒಂದೇ ದಾರಿಯೆಂಬ ನಮ್ಮ ಶಾಲೆಗಳ ಹಟದ ಮೇಲೆ. ಲೆಕ್ಕದ ಉತ್ತರ ಸರಿಯಿದ್ದರೂ ಬೋರ್ಡಿನ ಮೇಲಿನ ಕ್ರಮದಲ್ಲಿ ಮಾಡಿಲ್ಲವೆಂದು ಅಂಕ ಕತ್ತರಿಸುತ್ತಾರೆ. ‘ನನ್ನ ಊರು’ ಪ್ರಬಂಧವನ್ನು ನಲವತ್ತು ಮಕ್ಕಳು ಗೈಡಿನಿಂದ ಒಂದೇ ಅಕ್ಷರ ತಪ್ಪದೆ ಇಳಿಸುತ್ತಾರೆ. ಚಿತ್ರ ಬರೆ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನಮರ. ಸುತ್ತ ಅಡಿಕೆ ತೋಟವೇ ಇರುವ ನಿಮ್ಮ ಶಿರಸಿಯ ಮಕ್ಕಳೂ ಅದೇ ತೆಂಗಿನಮರ ಬರೆಯುತ್ತಾರೆ! ಹೀಗೆ ಬೆಳೆಸಿದ ಮೇಲೆ ನಮ್ಮಲ್ಲಿ ಹೊಸ ಯೋಚನೆ ಹುಟ್ಟುವುದಿಲ್ಲವೆಂದು ವಿಚಾರ ಸಂಕಿರಣಗಳಲ್ಲಿ ಕೊರಗುತ್ತೇವೆ.

ನಿಮ್ಮನ್ನೂ ಒಂದಿಷ್ಟು ಗದರಿಸಬೇಕು. ಕೈ ಎಡವೆಂದ ಕೂಡಲೇ ಮಗಳನ್ನು ಕಲಾವಿದೆ ಮಾಡಲು ಹೊರಟಿರಲ್ಲ, ಅದೂ ಒಂದು ಬಗೆಯ ತಿದ್ದುವಿಕೆಯೇ. ಅವಳಿಗೆ ಬಣ್ಣ ಬೇಕಾದರೆ ಕೇಳುತ್ತಾಳೆ, ಬೈಸಿಕಲ್ ಬಿಚ್ಚುವುದು ಬೇಕಾದರೆ ಅದನ್ನೇ ಬಿಚ್ಚುತ್ತಾಳೆ. ಆದರೂ ಕೈಯ ಬಗ್ಗೆ ಪತ್ರಿಕೆಗೆ ಬರೆದು ಕೇಳುವಷ್ಟು ಮಗಳನ್ನು ಗಮನಿಸಿದ್ದೀರಿ. ಎಷ್ಟೋ ಮನೆಗಳಲ್ಲಿ ಪೆಟ್ಟೇ ಮೊದಲು.

ನಾಳೆಯೇ ಶಾಲೆಗೆ ಹೋಗಿ. ಬೆಂಚಿನ ಎಡತುದಿಯಲ್ಲಿ ಅವಳಿಗೆ ಜಾಗ ಕೇಳಿ, ಪಕ್ಕದ ಮಗುವಿನ ಮೊಣಕೈ ತಾಗುವುದಿಲ್ಲ. ಬರೆಯುವಾಗ ಪುಸ್ತಕದ ಮೇಲ್ತುದಿಯನ್ನು ಕೊಂಚ ಬಲಕ್ಕೆ ವಾಲಿಸಲಿ, ಪೆನ್ಸಿಲ್ಲನ್ನು ಮೊನೆಯಿಂದ ತುಸು ಮೇಲೆ ಹಿಡಿಯಲಿ, ಬರೆದದ್ದು ಕಣ್ಣಿಗೆ ಕಾಣುತ್ತದೆ. ಎಡಗೈಯವರ ಕತ್ತರಿ ಅಂತರ್ಜಾಲದ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ತರಿಸಿಕೊಡಿ. ಟೀಚರು ಒಪ್ಪದಿದ್ದರೆ ಈ ಪುಟವನ್ನು ಅವರಿಗೆ ಓದಲು ಕೊಡಿ. ಅವರ ಉತ್ತರ ಏನೇ ಇರಲಿ ಬರೆದು ಕಳಿಸಲಿ, ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ