ಓದುಗರ ಪ್ರಶ್ನೆ: ರಿಯೋಹಾ ಬಾಟಲಿ, ಗುಂಟೂರು ಖಾರ

ಪ್ರಶ್ನೆ: ಮಗ ಬೆಂಗಳೂರಿನಿಂದ ಸ್ಪೇನಿನ ರಿಯೋಹಾ ರೆಡ್ ವೈನ್ ತಂದಿದ್ದ. ಲೇಬಲ್ಲಿನ ಮೇಲೆ ಕ್ರಿಯಾನ್ಸಾ (ಎಷ್ಟು ಕಾಲ ಮಾಗಿದೆ ಎಂದು ಹೇಳುವ ದರ್ಜೆ) ಎಂದಿದೆ. ರೆಡ್ ವೈನ್ ಫ್ರಿಜ್ಜಿನಲ್ಲಿ ಇಡಬಾರದೆಂದು ಕೇಳಿ ಕಪಾಟಿನಲ್ಲೇ ಇಟ್ಟು, ಭಾನುವಾರ ಗುಂಟೂರು ಮೆಣಸಿನಕಾಯಿ ಹಾಕಿದ ಮಟನ್ ಸಾರಿನ ಜೊತೆ ಕುಡಿದೆವು. ಬರೀ ಸ್ಪಿರಿಟ್ ವಾಸನೆ, ಬಾಯೆಲ್ಲ ಉರಿ, ಕೊನೆಗೆ ಕಹಿ. ಬಾಟಲಿ ಕೆಟ್ಟಿತ್ತೇ?
– ಓದುಗರು, ಬಳ್ಳಾರಿ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಕಾರ್ಕಿನ ದೋಷವಾದರೆ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ ಬರುತ್ತದೆ. ಬಿಸಿಲಿಗೆ ಬೆಂದಿದ್ದರೆ ಕಾರ್ಕ್ ಮೇಲೆದ್ದು ಸುತ್ತ ಅಂಟಂಟಾಗಿ ಜಿನುಗಿರುತ್ತದೆ. ನಿಮ್ಮಲ್ಲಿ ಆಗಿದ್ದು ಸೆಖೆ ಮತ್ತು ಖಾರ ಎರಡೂ ಸೇರಿದ್ದು.

‘ರೂಮ್ ಟೆಂಪರೇಚರ್’ ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಈ ವೈನಿಗೆ 16ರಿಂದ 18 ಡಿಗ್ರಿ ಹದ. ಬೇಸಿಗೆಯಲ್ಲಿ ಬಳ್ಳಾರಿಯ ಕಪಾಟಿನ ಕಥೆ ನಿಮಗೇ ಗೊತ್ತು. ಆ ಬಿಸಿಗೆ ಆಲ್ಕೋಹಾಲ್ ಮೊದಲು ಎದ್ದು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತದೆ. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಹದಿನೈದು ನಿಮಿಷ ಮುಳುಗಿಸಿ. ಬರೀ ಐಸು ಹಾಕಿದರೆ ತುಂಡುಗಳ ನಡುವಿನ ಗಾಳಿಯಿಂದಾಗಿ ಬೇಗ ತಣಿಯದು. ಫ್ರಿಜ್ಜಾದರೆ ಸುಮಾರು ಎರಡು ತಾಸು. ರಾತ್ರಿಯಿಡೀ ಇಟ್ಟು ಮರೆತರೆ ಒಗರು ಮಾತ್ರ ಉಳಿದು ಪರಿಮಳ ಸತ್ತಂತಿರುತ್ತದೆ. ಆಗ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಲು ಬಿಡಿ.

ಸ್ಟೀಲ್ ಲೋಟ ಬೇಡ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿಗೆ 60 ಮಿಲಿಯಷ್ಟೇ ಸುರಿದು ಬಿಳಿ ಹಾಳೆಯ ಮೇಲೆ ಓರೆ ಮಾಡಿ. ಅಂಚು ನೇರಳೆಯಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ತಿರುಗಿಸಿ ಮೂಸಿ. ಟೆಂಪ್ರನಿಯೋ ದ್ರಾಕ್ಷಿಯಿಂದ ಚೆರ್ರಿಯಂಥ ಕೆಂಪು ಹಣ್ಣು, ಅಮೆರಿಕದ ಓಕ್ ಪೀಪಾಯಿಯಿಂದ ವೆನಿಲ್ಲಾ, ಒಣ ಕೊಬ್ಬರಿಯ ವಾಸನೆ ಸಿಗಬೇಕು. ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ ನುಂಗಿದ ಮೇಲೆ ಒಸಡು ಬಿಗಿದಂತಾದರೆ ಅದೇ ಟ್ಯಾನಿನ್, ನೇರಳೆ ಹಣ್ಣು ತಿಂದಾಗಿನ ಒಗರಿನಂತೆ.

ಈಗ ಉರಿಯ ಮಾತು. ಮೆಣಸಿನಕಾಯಿಯ ಖಾರ ಕೆರಳಿಸುವ ನರದ ತುದಿಯನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ, ಒಂದು ಇನ್ನೊಂದಕ್ಕೆ ಗಾಳಿ ಹಾಕಿದಂತೆ. ಟ್ಯಾನಿನ್ನೂ ಆಗ ಕಹಿಯೆನಿಸುತ್ತದೆ. ತಪ್ಪು ಮಟನ್ನಿನದಲ್ಲ. ರಿಯೋಹಾದಲ್ಲೇ ಕುರಿಮರಿಯ ಪಕ್ಕೆಲುಬನ್ನು ದ್ರಾಕ್ಷಿ ಬಳ್ಳಿಯ ಒಣ ಕಡ್ಡಿಗಳ ಕೆಂಡದಲ್ಲಿ ಸುಟ್ಟು ಈ ವೈನಿನ ಜೊತೆ ತಿನ್ನುತ್ತಾರೆ. ಮಾಂಸದ ಪ್ರೋಟೀನು, ಕೊಬ್ಬು, ಉಪ್ಪು ಒಗರನ್ನು ಮೆದು ಮಾಡುತ್ತವೆ. ಆದ್ದರಿಂದ ಸಾರು ಬಿಟ್ಟು ಸುಕ್ಕಾ ಮಾಡಿ. ಅರ್ಧ ಕೆಜಿ ಮಾಂಸಕ್ಕೆ ಗುಂಟೂರಿನ ಬದಲು ಬೀಜ ತೆಗೆದ ನಾಲ್ಕು ಬ್ಯಾಡಗಿ, ಅರ್ಧ ಚಮಚ ಕಾಳುಮೆಣಸು, ಬೆಳ್ಳುಳ್ಳಿ ಧಾರಾಳ. ಹುಣಸೆ ಬೇಡ.

ಪ್ರಶ್ನೆ: ನಮ್ಮಲ್ಲಿ ಮಾಂಸ ಮಾಡುವುದಿಲ್ಲ. ರೊಟ್ಟಿ, ಎಣ್ಣೆಗಾಯಿ, ಮಂಡಕ್ಕಿ-ಮಿರ್ಚಿಗೆ ರಿಯೋಹಾ ರೆಡ್ ಒಗ್ಗುತ್ತದೆಯೇ? ರಿಸರ್ವಾ ಕೊಂಡರೆ ಇನ್ನೂ ಚೆನ್ನವೇ?
– ಓದುಗರು, ರಾಯಚೂರು

ಉತ್ತರ: ಜೋಳದ ರೊಟ್ಟಿ ಯಾವ ವೈನಿಗೂ ಅಡ್ಡ ಬರುವುದಿಲ್ಲ. ಎಣ್ಣೆಗಾಯಿ ಚೆನ್ನಾಗಿಯೇ ಹೊಂದುತ್ತದೆ, ಹುರಿದ ಶೇಂಗಾ, ಎಳ್ಳಿನ ಎಣ್ಣೆಯಂಶ ಇರುವುದರಿಂದ. ಬೆಲ್ಲ ಮಾತ್ರ ಬಿಡಿ, ಸಿಹಿ ತಿಂದ ಬಾಯಿಗೆ ವೈನ್ ಹುಳಿ-ಕಹಿಯಾಗುತ್ತದೆ. ಮಿರ್ಚಿಗೆ ರೆಡ್ ಬೇಡವೇ ಬೇಡ. ಸ್ಪೇನಿನದೇ ಆಗಬೇಕೆಂದರೆ ನವಾರಾ ಪ್ರಾಂತ್ಯದ ಗಾರ್ನಾಚಾ ದ್ರಾಕ್ಷಿಯ ರೊಸಾಡೋ (ಗುಲಾಬಿ ಬಣ್ಣದ ವೈನ್), ಚೆನ್ನಾಗಿ ತಣಿಸಿ.

ರಿಯೋಹಾದಲ್ಲಿ ಕೆಂಪು ಕ್ರಿಯಾನ್ಸಾ ಕನಿಷ್ಠ 2 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ರಿಸರ್ವಾಗೆ 3, ಗ್ರಾನ್ ರಿಸರ್ವಾಗೆ 5 ವರ್ಷ. ಇದು ಮಾಗಿದ ಕಾಲದ ಲೆಕ್ಕ, ರುಚಿಯ ಅಂಕಪಟ್ಟಿಯಲ್ಲ. ಮಸಾಲೆ ಊಟಕ್ಕೆ ಗ್ರಾನ್ ರಿಸರ್ವಾ ಒಡೆಯುವುದು ದುಡ್ಡು ದಂಡ.

ಪ್ರಶ್ನೆ: ಅರ್ಧ ಉಳಿದ ಬಾಟಲಿ ಎಷ್ಟು ದಿನ ತಡೆಯುತ್ತದೆ?
– ಓದುಗರು, ಗಂಗಾವತಿ

ಉತ್ತರ: ಕಾರ್ಕ್ ಒತ್ತಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೂರು ದಿನ. ಚಿಕ್ಕ ಬಾಟಲಿಗೆ ಅಂಚಿನವರೆಗೆ ಬಗ್ಗಿಸಿಟ್ಟರೆ ಗಾಳಿ ಕಡಿಮೆಯಾಗಿ ಇನ್ನೂ ಒಂದೆರಡು ದಿನ. ಹೊರಗಿಟ್ಟರೆ ಮರುದಿನವೇ ರುಚಿ ಇಳಿಯುತ್ತದೆ, ಆಮೇಲೆ ವಿನೆಗರ್ ಹುಳಿ. ತಳದಲ್ಲಿ ಕಪ್ಪು ಗಸಿ ಕಂಡರೆ ಗಾಬರಿ ಬೇಡ, ಮೆಲ್ಲಗೆ ಬಗ್ಗಿಸಿ ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ.