ಬೋನಸ್ ಗಿಫ್ಟ್ ಕಾರ್ಡ್‌ನಿಂದ ದಿನಸಿ ಖರ್ಚು ಇಳಿಯುತ್ತಾ?

ಮನೆ ಖರ್ಚಿನ ಲೆಕ್ಕದ ಬಗ್ಗೆ ನಾನು ಉತ್ತರ ಬರೆಯಲು ಶುರುಮಾಡಿದಾಗಿನಿಂದ ಈ ಪ್ರಶ್ನೆ ನಿಂತೇ ಇಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ. ಗಿಫ್ಟ್ ಕಾರ್ಡ್ ಅಂದರೆ ಅಂಗಡಿಗೆ ಮೊದಲೇ ಹಣ ಕಟ್ಟಿ ಕೊಳ್ಳುವ ಕಾರ್ಡ್, ಆಮೇಲೆ ಅಲ್ಲಿ ಸಾಮಾನು ಕೊಂಡಾಗ ಅದರಿಂದ ಬಿಲ್ ಕಟ್ಟುವುದು.

ಪ್ರಶ್ನೆ: 100ರ ಗಿಫ್ಟ್ ಕಾರ್ಡ್ ಕೊಂಡರೆ 10ರ ಬೋನಸ್ ಕಾರ್ಡ್ ಕೊಡುತ್ತಾರೆ. ಪ್ರತಿ ತಿಂಗಳೂ ಹೀಗೆ ಕೊಂಡರೆ ದಿನಸಿಯಲ್ಲಿ ಶೇ 10 ಉಳಿಯುತ್ತದೆ ಅಲ್ವಾ?

ಉತ್ತರ: ಶೇ 10 ಉಳಿಯುವುದಿಲ್ಲ. 110ರ ಸಾಮಾನಿಗೆ 100 ಕೊಟ್ಟಿರಿ. ಅಲ್ಲಿಗೆ ರಿಯಾಯಿತಿ ಶೇ 9ರಷ್ಟು. ಅದೂ ಎರಡೂ ಕಾರ್ಡ್ ಪೂರ್ತಿ ಖಾಲಿ ಮಾಡಿದರೆ ಮಾತ್ರ.

ಮೊದಲು ಬೆಲೆ ನೋಡಿ. ನೀವು ಮಾಮೂಲಿಯಾಗಿ ಹೋಗುವ ಅಂಗಡಿಗಿಂತ ಕಾರ್ಡ್ ಕೊಡುವ ಅಂಗಡಿಯಲ್ಲಿ ಶೇ 10 ಜಾಸ್ತಿ ಇದ್ದರೆ ಉಳಿಕೆ ಸೊನ್ನೆ. ಶೇ 5 ಜಾಸ್ತಿ ಇದ್ದರೂ ಅರ್ಧಕ್ಕೂ ಹೆಚ್ಚು ಲಾಭ ಹೋಯಿತು. ಹಿಂದಿನ ತಿಂಗಳ ಬಿಲ್ ಕೈಯಲ್ಲಿ ಹಿಡಿದುಕೊಂಡು, ಪದೇ ಪದೇ ಕೊಳ್ಳುವ ಹತ್ತು ಸಾಮಾನುಗಳ ಬೆಲೆಯನ್ನು ಎರಡೂ ಕಡೆ ತಾಳೆ ಹಾಕಿ. ಪೊಟ್ಟಣದ ತೂಕವನ್ನೂ ನೋಡಿ. ಅರ್ಧ ಗಂಟೆಯ ಕೆಲಸ ಇದು. ಮಾಡುವವರು ಮಾತ್ರ ತೀರಾ ಕಡಿಮೆ, ಅದೇ ನನಗೆ ಬೇಸರ.

ಆಮೇಲೆ ಬೋನಸ್ ಕಾರ್ಡ್‌ನ ಷರತ್ತು ಓದಿ. ಎಷ್ಟೋ ಕಡೆ ಅದನ್ನು ಅವತ್ತೇ ಬಳಸಲು ಬಿಡುವುದಿಲ್ಲ. ಕೆಲವು ವಾರಗಳ ನಂತರ, ಇಂತಿಷ್ಟು ದಿನದೊಳಗೆ, ಇಷ್ಟರ ಮೇಲೆ ಕೊಂಡರೆ ಮಾತ್ರ ಅನ್ನುತ್ತಾರೆ. ಆ 10 ಹಾಳಾಗಬಾರದು ಅಂತ ನೀವು ಇನ್ನೊಮ್ಮೆ ಹೋಗಿ, ಪಟ್ಟಿಯಲ್ಲಿ ಇಲ್ಲದ 25ರ ಸಾಮಾನು ತಂದಿರಿ ಅಂದುಕೊಳ್ಳಿ. ಕೈಯಿಂದ 15 ಹೋಯಿತು. ಬೋನಸ್ ಸಿಗದೇ ಇದ್ದಿದ್ದರೆ ಆ 15 ಮನೆಯಲ್ಲೇ ಇರುತ್ತಿತ್ತು.

ನಾವು ಹೀಗೆ ಮಾಡುವುದಕ್ಕೆ ಕಾರಣವಿದೆ. ಹಣ ಒಂದೇ ಆದರೂ ಮನಸ್ಸಿನಲ್ಲಿ ಅದಕ್ಕೆ ಬೇರೆ ಬೇರೆ ಡಬ್ಬಿ ಇಟ್ಟುಕೊಳ್ಳುತ್ತೇವೆ. ರಿಚರ್ಡ್ ಥೇಲರ್ 1985ರಲ್ಲಿ ಇದನ್ನು ‘ಮೆಂಟಲ್ ಅಕೌಂಟಿಂಗ್’ ಹೆಸರಿನಲ್ಲಿ ವಿವರಿಸಿದರು. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ದುಡಿದ ಹಣವನ್ನು ಎಣಿಸಿ ಕೊಡುವ ಕೈಯೇ ಬೋನಸ್ ಹಣವನ್ನು ಧಾರಾಳವಾಗಿ ಬಿಡುತ್ತದೆ.

ಅದಕ್ಕೇ ನಾನು ಒಂದೇ ಪರೀಕ್ಷೆ ಹೇಳುವುದು. ಬೋನಸ್ ಬಳಸುವ ತಿಂಗಳು ದಿನಸಿಗೆ ಎತ್ತಿಡುವ ಹಣದಲ್ಲಿ ಮೊದಲೇ 10 ಕಡಿಮೆ ಮಾಡಿ. ಆ 10 ಉಳಿತಾಯಕ್ಕೆ ಹೋಗಲಿ. ಹಾಗೆ ಮಾಡಿಯೂ ತಿಂಗಳು ಸಾಗಿತಾ? ಕಾರ್ಡ್ ನಿಮಗೆ ಲಾಭ. ಸಾಗಲಿಲ್ಲವಾ? ಬೋನಸ್ ಹೆಚ್ಚುವರಿ ಸಾಮಾನಾಗಿ ಕರಗಿದೆ.

ಎಷ್ಟು ಕೊಳ್ಳಬೇಕು? ಒಂದು ತಿಂಗಳ ದಿನಸಿಗೆ ಆಗುವಷ್ಟರ ಮೇಲೆ ಬೇಡವೇ ಬೇಡ. ಕಾರ್ಡ್‌ನಲ್ಲಿ ಸಿಕ್ಕಿಕೊಂಡ ಹಣ ಔಷಧಿಗೆ ಬರುವುದಿಲ್ಲ, ಬಾಡಿಗೆಗೂ ಬರುವುದಿಲ್ಲ. ನಾನೇ ಒಮ್ಮೆ ಬೋನಸ್ ಆಸೆಗೆ ನಾಲ್ಕು ತಿಂಗಳಿಗೆ ಆಗುವಷ್ಟು ಕಾರ್ಡ್ ಕೊಂಡಿದ್ದೆ. ಎರಡನೇ ತಿಂಗಳಿಗೆ ಆ ಅಂಗಡಿ ಬಾಗಿಲು ಹಾಕಿತು. ಅಂಗಡಿ ದಿವಾಳಿಯಾದರೆ ಅದಕ್ಕೆ ಸಾಲ ಕೊಟ್ಟ ಬ್ಯಾಂಕಿನಂಥವರು ಮುಂದೆ, ಕಾರ್ಡ್ ಹಿಡಿದವರು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ. ನನಗೆ ಏನೂ ವಾಪಸ್ ಬರಲಿಲ್ಲ. ಈಗ ನಾನು ಎರಡು ವಾರಕ್ಕೆ ಆಗುವಷ್ಟೇ ಕೊಳ್ಳುತ್ತೇನೆ. ಅತಿ ಎಚ್ಚರ ಅನಿಸಿದರೆ ಅನಿಸಲಿ.

ಪ್ರಶ್ನೆ: ಕಾರ್ಡ್‌ನಲ್ಲಿ ಚಿಲ್ಲರೆ ಉಳಿದರೆ ಏನು ಮಹಾ?

ಉತ್ತರ: ಜನ ಬಳಸದೆ ಬಿಡುವ ಈ ಚಿಲ್ಲರೆಯನ್ನು ಕಂಪನಿಗಳು ಅಂದಾಜು ಮಾಡಿ ತಮ್ಮ ಆದಾಯಕ್ಕೆ ಸೇರಿಸಿಕೊಳ್ಳುತ್ತವೆ. ಲೆಕ್ಕದ ಭಾಷೆಯಲ್ಲಿ ಅದಕ್ಕೆ ‘ಬ್ರೇಕೇಜ್’ ಅನ್ನುತ್ತಾರೆ, 2018ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಲೆಕ್ಕ ನಿಯಮದಲ್ಲೇ ಅದಕ್ಕೆ ಜಾಗವಿದೆ. ಕೊನೆಯ ಬಿಲ್‌ನಲ್ಲಿ ಕಾರ್ಡ್ ಮುಗಿಸಿ, ಉಳಿದದ್ದನ್ನು ನಗದಿನಲ್ಲಿ ಕೊಡಿ.

ಪ್ರಶ್ನೆ: ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡು ನಿಧಾನವಾಗಿ ತೀರಿಸಬಹುದಾ?

ಉತ್ತರ: ಬೇಡ, ಬಡ್ಡಿ ಬೋನಸ್ಸನ್ನು ತಿಂದುಬಿಡುತ್ತದೆ.

ಪ್ರಶ್ನೆ: ಒಂದು ವಿಡಿಯೋದಲ್ಲಿ ಅರ್ಧ ಬೆಲೆಗೆ ಕಾರ್ಡ್ ಕೊಂಡು ದಿನಸಿ ಪುಕ್ಕಟೆ ಮಾಡಿಕೊಳ್ಳುವ ಉಪಾಯ ತೋರಿಸಿದ್ದಾರೆ. ನಂಬಬಹುದಾ?

ಉತ್ತರ: ದಯವಿಟ್ಟು ನಂಬಬೇಡಿ. ಅರ್ಧ ಬೆಲೆಗೆ ಬರುವ ಕಾರ್ಡ್ ಕದ್ದದ್ದಾಗಿರಬಹುದು, ಅಥವಾ ಅದರ ನಂಬರನ್ನು ಮಾರುವವರೇ ಬರೆದಿಟ್ಟುಕೊಂಡು ನಿಮಗಿಂತ ಮೊದಲು ಖಾಲಿ ಮಾಡಿರಬಹುದು. ಇಂಥ ಉಪಾಯ ಹೇಳಿಕೊಡುವವರ ಮೇಲೆ ನನಗೆ ಸಿಟ್ಟಿದೆ, ಯಾಕೆಂದರೆ ಇದಕ್ಕೆ ಸಿಕ್ಕಿಬೀಳುವವರು ಕೈ ಬಿಗಿಯಾಗಿರುವ ಮನೆಯವರೇ. ಅಂಗಡಿಯ ಕೌಂಟರ್‌ನಲ್ಲೇ ಕೊಳ್ಳಿ. ಪಿನ್ ಮೇಲಿನ ಪದರ ಕೆರೆದಿದ್ದರೆ ಆ ಕಾರ್ಡ್ ಮುಟ್ಟಬೇಡಿ. ಬಿಲ್ಲನ್ನು ಕಾರ್ಡ್ ಮುಗಿಯುವವರೆಗೂ ಇಟ್ಟುಕೊಳ್ಳಿ.

ಪ್ರಶ್ನೆ: ಫೋನ್ ಮಾಡಿದವರು ಬಾಕಿ ತೆರಿಗೆಯನ್ನು ಗಿಫ್ಟ್ ಕಾರ್ಡ್‌ನಲ್ಲಿ ಕಟ್ಟಿ ಅಂದರು.

ಉತ್ತರ: ಅದು ಮೋಸ, ಫೋನ್ ಇಟ್ಟುಬಿಡಿ.