ಮಂಗನ ಕಾಯಿಲೆ ವಾಸಿಯಾದ ಮೇಲೂ ವೈರಸ್ ಮೈಯಲ್ಲಿ ಉಳಿಯುತ್ತದೆಯೇ?

ಕೊಪ್ಪ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಅವರ ಕಾಫಿ ತೋಟದ ಆಳೊಬ್ಬರಿಗೆ ಮಂಗನ ಕಾಯಿಲೆ ಬಂದು ವಾಸಿಯಾಯಿತು. ಒಂದೂವರೆ ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ‘ಐಜಿಎಂ ಪಾಸಿಟಿವ್’ ಎಂದು ಬಂದದ್ದೇ ತಡ, ಲೈನ್ ಮನೆಯವರು ಅವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ. ಈ ನಡುವೆ ಓದುಗರ ತಾಯಿಗೆ ಸರ್ಪಸುತ್ತು ಎದ್ದಿದೆ. ಇದು ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸೇ ಎಂದು ಡಾಕ್ಟರು ಹೇಳಿದರಂತೆ. ಮಂಗನ ಕಾಯಿಲೆಯದೂ ಹಾಗೇ ಅಡಗಿ ಕೂರುತ್ತದೆಯೇ ಎಂದು ಅವರ ಪ್ರಶ್ನೆ.

ಇಲ್ಲ. ಮೊದಲು ಆ ಆಳನ್ನು ಊಟಕ್ಕೆ ಕರೆಯಿರಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಮನುಷ್ಯರಿಂದ ಮನುಷ್ಯರಿಗಲ್ಲ. ವೈರಸ್ ರಕ್ತದಲ್ಲಿರುವುದು ಜ್ವರ ಶುರುವಾದಾಗಿನಿಂದ ಸುಮಾರು ಹನ್ನೆರಡು ದಿನ. ಐಜಿಎಂ ಎನ್ನುವುದು ವೈರಸ್ ಅಲ್ಲ, ಅದರ ವಿರುದ್ಧ ನಮ್ಮ ಮೈಯೇ ತಯಾರಿಸಿಕೊಂಡ ಪ್ರತಿಕಾಯ. ವೈರಸ್ ಹೋದ ಮೇಲೂ ವಾರಗಟ್ಟಲೆ ಅದು ರಕ್ತದಲ್ಲಿ ಕಾಣುತ್ತದೆ. ಗುಣವಾದವರಿಗೆ ಈ ಪರೀಕ್ಷೆ ಮತ್ತೆ ಮಾಡಿಸುವ ಅಗತ್ಯವೇ ಇರಲಿಲ್ಲ. ಗಮನಿಸಬೇಕಾದದ್ದು ಬೇರೆ ಇದೆ: ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ ಬಂದು, ವಿಪರೀತ ತಲೆನೋವು, ಕತ್ತು ಬಿಗಿಯುವುದು, ಕೈಕಾಲು ನಡುಕ ಕಾಣಿಸಿಕೊಳ್ಳುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ನಿಮ್ಮ ಆಳು ಆ ಗಡುವು ದಾಟಿದ್ದಾರೆ. ಸುಸ್ತು ಇನ್ನೂ ಕೆಲವು ವಾರ ಇದ್ದೀತು, ಭಾರದ ಕೆಲಸಕ್ಕೆ ಆತುರ ಬೇಡ.

ಸೀತಾಳೆ ಸಿಡುಬಿನ ದಾರಿಯೇ ಬೇರೆ. ಗುಳ್ಳೆ ಒಣಗಿದ ಮೇಲೆ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ, ವೃದ್ಧಿಯಾಗದೆ, ಬದುಕಿಡೀ ಉಳಿಯುತ್ತದೆ. ವಯಸ್ಸಾಗಿಯೋ ಬೇರೆ ಕಾರಣಕ್ಕೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಹೊರಬರುತ್ತದೆ, ಅದೇ ಸರ್ಪಸುತ್ತು. ಆ ನರ ಮೈಯ ನಡುಗೆರೆಗೆ ಮುಗಿಯುವುದರಿಂದ ಗುಳ್ಳೆಯೂ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಸರ್ಪಸುತ್ತು ಮೈಯನ್ನು ಸುತ್ತಿ ತಲೆ–ಬಾಲ ಕೂಡಿದರೆ ಸಾವು ಎಂಬ ಮಾತಿಗೆ ಆಧಾರವಿಲ್ಲ. ಗುಳ್ಳೆ ಮೈತುಂಬ ಹರಡಿದರೆ ಮಾತ್ರ ನಿರೋಧಕ ಶಕ್ತಿ ತೀರಾ ಕುಗ್ಗಿರಬಹುದು, ತಪಾಸಣೆ ಬೇಕು.

ಕೆಮ್ಮಣ್ಣು ಬಳಿಯಬೇಡಿ, ಒಡೆದ ಗುಳ್ಳೆಗೆ ಕೀವು ಕಟ್ಟುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧ ಶುರುವಾಗಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಎಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಕಿಡ್ನಿ ತೊಂದರೆಯಿದ್ದರೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಹಕ್ಕಳೆ ಕಟ್ಟುವವರೆಗೆ ಬಟ್ಟೆ ಮುಚ್ಚಿರಲಿ. ಸೀತಾಳೆ ಬಾರದ ಬಸುರಿಯರು, ಹಸುಗೂಸುಗಳು ದೂರವಿರಲಿ.

ಉಳಿಯುವ ವೈರಸ್‌ಗಳು ಇನ್ನೂ ಇವೆ. ಎಬೋಲಾದಿಂದ ಗುಣವಾದ ಗಂಡಸರ ವೀರ್ಯದಲ್ಲಿ ಅದು ತಿಂಗಳುಗಟ್ಟಲೆ ಇರಬಲ್ಲದು. ನಮ್ಮ ಊರಿಗೆ ಹೆಚ್ಚು ಸಂಬಂಧಿಸಿದ್ದು ಕಾಮಾಲೆ ತರಿಸುವ ಹೆಪಟೈಟಿಸ್ ಬಿ. ಸೊಪ್ಪಿನ ಔಷಧ ಕುಡಿದು ಕಾಮಾಲೆ ಇಳಿಯಿತೆಂದು ಸುಮ್ಮನಾಗುತ್ತಾರೆ. ಕಣ್ಣಿನ ಹಳದಿ ಹೋದರೂ ವೈರಸ್ ಪಿತ್ತಜನಕಾಂಗದಲ್ಲಿ ಉಳಿದಿರಬಹುದು. ಆರು ತಿಂಗಳ ಮೇಲೆ ಎಚ್‌ಬಿಎಸ್ಎಜಿ ಪರೀಕ್ಷೆ (ಈ ವೈರಸ್ ರಕ್ತದಲ್ಲಿದೆಯೇ ಎಂದು ತೋರಿಸುವ ಪರೀಕ್ಷೆ) ಮತ್ತೊಮ್ಮೆ ಮಾಡಿಸಿ. ಆಗಲೂ ಪಾಸಿಟಿವ್ ಇದ್ದರೆ ಅದು ದೀರ್ಘಕಾಲದ ಸೋಂಕು. ಮನೆಯವರೆಲ್ಲ ಪರೀಕ್ಷಿಸಿಕೊಂಡು, ಸೋಂಕಿಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬೇಕು.